ಸ್ವರ್ಗದ ತೋಟದಲ್ಲಿ ನೀರು ಮೊಗೆಯುವವಳು

ಓದಿಕೊಳ್ಳಲು: ಆದಿಕಾಂಡ 2:8-15, ಪರಮಗೀತೆ 4:12, ಯೊವಾನ್ನ 2:1-11



ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸ್ಟೇಡೆಲ್ ವಸ್ತುಸಂಗ್ರಹಾಲಯದಲ್ಲಿ 'ಸ್ವರ್ಗದ ಕಿರುತೋಟ' ಎಂಬ ಚಿತ್ರವಿದೆ. ಸುಮಾರು 1410-20ರಲ್ಲಿ ಹೆಸರು ತಿಳಿಯದ ಕಲಾವಿದನೊಬ್ಬ ಮರದ ಹಲಗೆಯ ಮೇಲೆ ಬರೆದದ್ದು. ಅಗಲ 33 ಸೆಂ.ಮೀ., ಎತ್ತರ 26 ಸೆಂ.ಮೀ.; ನಮ್ಮ ಮನೆಯ ಪ್ರಾರ್ಥನಾ ಪೀಠದ ಪಟದಷ್ಟೇ.

ಗೋಡೆ ಕಟ್ಟಿದ ತೋಟ. ಪರಮಗೀತೆಯ ಮುಚ್ಚಿದ ತೋಟದಲ್ಲಿ ಧರ್ಮಸಭೆ ಕನ್ಯಾಮರಿಯಳನ್ನು ಕಂಡಿದೆ. ಇಲ್ಲಿ ಕಿರೀಟ ಧರಿಸಿದ ಆ ಮಾತೆ ಪುಸ್ತಕ ಓದುತ್ತಿದ್ದಾಳೆ. ಬಾಲಯೇಸು ತಂತಿವಾದ್ಯ ನುಡಿಸುತ್ತಾನೆ. ಸಂತ ಜಾರ್ಜರ ಬಳಿ ಪುಟ್ಟ ಘಟಸರ್ಪ ಸತ್ತು ಬಿದ್ದಿದೆ. ಎಡಗಡೆ ಒಬ್ಬಳು ಹಣ್ಣು ಬಿಡಿಸುತ್ತಾಳೆ. ಇನ್ನೊಬ್ಬಳು ತೊಟ್ಟಿಗೆ ಬಾಗಿ ಸೌಟಿನಿಂದ ನೀರು ಮೊಗೆಯುತ್ತಾಳೆ.

ಸ್ವರ್ಗದಲ್ಲೂ ನೀರಿನ ಕೆಲಸವೇ? ಹೌದು. ಪಾಪ ಬರುವ ಮೊದಲೇ ದೇವರು ಆದಾಮನಿಗೆ ತೋಟದ ಕೆಲಸ ಕೊಟ್ಟಿದ್ದರು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿಯಲಿಲ್ಲ. ನೀರು ತುಂಬಿದ ಆಳುಗಳಿಗೆ ತಿಳಿದಿತ್ತು.

ನಮ್ಮ ಸೊಲ್ಲಾಪುರದಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಅಕ್ಕಲಕೋಟೆ ಕಡೆ ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವುದು ಹೊಸತಲ್ಲ. ಜಪಸರದ ಹೊತ್ತಿಗೇ ನೀರು ಬಿಟ್ಟರೆ ಎದ್ದು ಹೋಗುವವರು ತಾಯಂದಿರು, ಹೆಣ್ಣುಮಕ್ಕಳು. "ಪ್ರಾರ್ಥನೆ ತಪ್ಪಿತು" ಎಂದು ಅವರು ನೊಂದುಕೊಳ್ಳುತ್ತಾರೆ. ಕೆಲವೊಮ್ಮೆ ನಾವೇ ಅವರನ್ನು ಆಕ್ಷೇಪಿಸಿದ್ದೇವೆ. ಈ ಚಿತ್ರ ನಮ್ಮನ್ನು ತಿದ್ದುತ್ತದೆ. ಓದುವ ಮಾತೆಯೂ ನೀರು ಮೊಗೆಯುವವಳೂ ಒಂದೇ ಗೋಡೆಯೊಳಗೆ, ಒಬ್ಬನೇ ಯೇಸುವಿನ ಹತ್ತಿರ ಇದ್ದಾರೆ.

ಆದರೆ ಚಿತ್ರದ ಬಲಗಡೆ ಗಂಡಸರು ಮರದಡಿ ಆರಾಮವಾಗಿದ್ದಾರೆ. ಸಂತ ಜಾರ್ಜರು ಘಟಸರ್ಪವನ್ನು ಕೊಂದು ಕುಳಿತವರು. ನಾವು ಏನು ಮಾಡಿ ಕುಳಿತಿದ್ದೇವೆ? ಹೊಗಳಿಕೆಯ ಮಾತಿನಿಂದ ತಾಯಂದಿರ ಸೊಂಟದ ಕೊಡ ಹಗುರಾಗದು.

ಮನೆಯಲ್ಲಿ ಚರ್ಚಿಸೋಣ:
1. ನಮ್ಮ ಮನೆಗೆ ನೀರು ತುಂಬುವವರು ಯಾರು? ಆ ಹೊತ್ತಿನಲ್ಲಿ ಉಳಿದವರು ಏನು ಮಾಡುತ್ತೇವೆ?
2. ಕುಟುಂಬ ಪ್ರಾರ್ಥನೆಯ ವೇಳೆಯನ್ನು ನೀರಿನ ವೇಳೆಗೆ ತಕ್ಕಂತೆ ಬದಲಿಸಬಹುದೇ?
3. ನೆರೆಮನೆಯ ವೃದ್ಧರಿಗೆ, ಅವರು ಯಾವ ಭಾಷೆಯವರೇ ಆಗಲಿ, ಒಂದು ಕೊಡ ನೀರು ತಲುಪಿಸಬಹುದೇ?

ಈ ವಾರದ ಸಂಕಲ್ಪ: ಒಂದು ದಿನವಾದರೂ ತಂದೆ, ಗಂಡುಮಕ್ಕಳು ನೀರು ತುಂಬಲಿ, ತಾಯಿ ಕುಳಿತು ಶುಭಸಂದೇಶ ಓದಲಿ.