ಊದುಬತ್ತಿ ಹಚ್ಚಿ ನೋಡಿ

ಪ್ರಶ್ನೆ: ಹಲಸೂರಿನ ನಮ್ಮ ಮನೆಯ ಒಂದು ಸಣ್ಣ ಕೋಣೆಯಲ್ಲಿ 4 ಅಂತಸ್ತಿನ ಎರಡು ರ್‍ಯಾಕ್ ನಿಲ್ಲಿಸಿ, ಎಲ್‌ಇಡಿ ಬೆಳಕಿನಲ್ಲಿ ಬೇಸಿಲ್, ಪುದೀನ, ಕೊತ್ತಂಬರಿ ಬೆಳೆದು ಇಂದಿರಾನಗರದ ಹೋಟೆಲ್‌ಗಳಿಗೆ ಕೊಡುತ್ತೇನೆ. ಮಳೆ ಹಿಡಿದಾಗಿನಿಂದ ಬೇಸಿಲ್‌ನ ಎಳೆ ಎಲೆಗಳ ತುದಿ ಕರಕಾಗುತ್ತಿದೆ. ಕೆಳಗಿನ ಎಲೆಗಳು ಹಳದಿಯಾಗಿವೆ, ಅಡಿಯಲ್ಲಿ ಬೂದುಬಣ್ಣದ ಪುಡಿ. ಕೊತ್ತಂಬರಿ ಸೊರಗಿ ಮಗುಚುತ್ತದೆ. ಕ್ಯಾಲ್ಸಿಯಂ ಹೆಚ್ಚಿಸಿದೆ, ಪೆಡೆಸ್ಟಲ್ ಫ್ಯಾನ್ ಇಟ್ಟೆ. ಎದುರಿಗಿದ್ದ ಗಿಡಗಳೇ ಸುರುಟಿದವು. ‘ಕೋಣೆ ಬಾಡಿಗೆಗೆ ಕೊಟ್ಟುಬಿಡು’ ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಬಾಡಿಗೆಯ ಮಾತು ಸದ್ಯಕ್ಕೆ ಬೇಡ. ನೀವು ಮೂರು ಕಾಯಿಲೆ ಬರೆದಿದ್ದೀರಿ, ನನಗೆ ಮೂರರ ಹಿಂದೆಯೂ ನಿಂತ ಗಾಳಿಯೇ ಕಾಣುತ್ತಿದೆ.

ಕ್ಯಾಲ್ಸಿಯಂ ಸುರಿಯುವುದನ್ನು ನಿಲ್ಲಿಸಿ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಬೋರ್‌ವೆಲ್ ನೀರು ಬಳಸುವವರಿಗೆಲ್ಲ ಬಕೆಟ್ಟಿಗೆ ಕಟ್ಟುವ ಬಿಳಿ ಪೊರೆ ಗೊತ್ತು; ನೀರಿನಲ್ಲೇ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಆದರೆ ಕ್ಯಾಲ್ಸಿಯಂ ಬೇರಿನಿಂದ ಏರುವ ನೀರಿನ ಜೊತೆಗೇ ಎಲೆ ತಲುಪಬೇಕು, ಎಲೆ ಬೆವರಿದರಷ್ಟೇ ನೀರು ಏರುತ್ತದೆ. ಗಾಳಿ ಅಲುಗದಿದ್ದರೆ ಎಲೆಯ ಸುತ್ತ ತೇವದ ತೆಳು ಪದರವೊಂದು ಕಟ್ಟಿಕೊಂಡು ಬೆವರು ಆರುವುದಿಲ್ಲ, ಮುಚ್ಚಿದ ಬಚ್ಚಲಲ್ಲಿ ಹರವಿದ ಬಟ್ಟೆಯಂತೆ. ಗುಂಪಿನ ನಡುವೆ ಸಿಕ್ಕಿಕೊಂಡ ಎಳೆ ಎಲೆಗೆ ಈ ಕಷ್ಟ ಹೆಚ್ಚು, ಹಾಗಾಗಿ ತುದಿ ಸುಡುವುದೂ ಅಲ್ಲೇ. ದ್ಯುತಿಸಂಶ್ಲೇಷಣೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ಆ ಪದರ ದಾಟಿಯೇ ಒಳಗೆ ಹೋಗಬೇಕು.

ಕೊತ್ತಂಬರಿಯದು ಬೇರೆ ಕತೆ. ರಸೆಲ್ ಮಾರ್ಕೆಟ್ಟಿಗೆ ಬರುವ ಕಟ್ಟುಗಳು ಬಯಲಲ್ಲಿ ಗಾಳಿಗೆ ಓಲಾಡಿ ಬೆಳೆದವು. ಅಲುಗಾಡಿದ ಗಿಡ ಕುಳ್ಳಗಾಗುತ್ತದೆ, ದಂಟು ಗಟ್ಟಿಯಾಗುತ್ತದೆ. ನಿಮ್ಮದು ತೊಟ್ಟಿಲ ಕೂಸು.

ಪೆಡೆಸ್ಟಲ್ ಫ್ಯಾನ್ ಹಜಾರಕ್ಕೆ ಹೋಗಲಿ. ಎದುರಿನ ಗಿಡ ಅತಿಯಾಗಿ ಒಣಗಿ ಪತ್ರರಂಧ್ರ ಮುಚ್ಚಿಕೊಂಡಿದೆ, ಹಿಂದಿನದಕ್ಕೆ ಗಾಳಿಯೇ ತಲುಪಿಲ್ಲ. ಎಸ್.ಪಿ. ರಸ್ತೆಯಲ್ಲಿ ಸಿಗುವ ಕಂಪ್ಯೂಟರಿನ ಪುಟ್ಟ ಫ್ಯಾನ್‌ಗಳನ್ನು ಅಂತಸ್ತಿಗೊಂದರಂತೆ ಬದಿಯಿಂದ ಕೂರಿಸಿ. ಸೆಕೆಂಡಿಗೆ 0.3ರಿಂದ 0.5 ಮೀಟರ್ ವೇಗ ಸಾಕು. ಅಳೆಯಲು ಅತ್ತೆಯ ಊದುಬತ್ತಿ ಕೇಳಿ (ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಂತಾಯಿತು). ಎಲೆಗಳ ನಡುವೆ ಹಿಡಿದಾಗ ಹೊಗೆ ನೆಟ್ಟಗೆ ಎದ್ದರೆ ಗಾಳಿ ಇಲ್ಲ. ಹರಿದು ಚೆಲ್ಲಾಪಿಲ್ಲಿಯಾದರೆ ಜಾಸ್ತಿ. ಸೋಮಾರಿಯಂತೆ ವಾಲಿಕೊಂಡು ಹೋದರೆ ಸರಿ. ತುಂಬ ಒತ್ತಾಗಿರುವ ಕಡೆ ಯಾವ ಫ್ಯಾನೂ ನಡೆಯದು, ಗಿಡ ಕಿತ್ತು ತೆರಪು ಮಾಡಿ.

ದೀಪ ಆರಿಸುವಾಗ ಫ್ಯಾನ್ ಆರಿಸಬೇಡಿ. ಬಿಲ್ಲಿನ ಭಯಕ್ಕೆ ಹೆಚ್ಚಿನವರು ತಪ್ಪುವುದು ಇಲ್ಲೇ. ದೀಪ ಆರಿದ ಮೇಲೆ ಕೋಣೆ ತಂಪಾಗಿ ತೇವ ಏರುತ್ತದೆ, ಆ ಬೂದು ಪುಡಿ ಹುಟ್ಟುವುದು ಅಂಥ ಒದ್ದೆ ಕತ್ತಲಲ್ಲೇ. ದ್ರಾಕ್ಷಿ ತೋಟದವರು ‘ಡೌನಿ’ ಎನ್ನುವ ರೋಗದ ಬಳಗದ್ದು ಅದು. ಹಳದಿ ಬಣ್ಣ ನೋಡಿ ಗೊಬ್ಬರ ಸಾಲದು ಅಂದುಕೊಳ್ಳಬೇಡಿ. ಮಳೆಗಾಲದ ರಾತ್ರಿ ಕಿಟಕಿ ತೆರೆದರೆ ಒಳಬರುವುದೂ ಒದ್ದೆ ಗಾಳಿಯೇ.

ಇಷ್ಟಕ್ಕೂ ಮೊದಲು, ಇಂದೇ, ಎಲ್ಲ ಫ್ಯಾನ್ ಆರಿಸಿ ರೋಗದ ಬೇಸಿಲ್ ಗಿಡಗಳಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ಮೆಲ್ಲಗೆ ಕಿತ್ತು ಹೊರಹಾಕಿ. ಇಲ್ಲದಿದ್ದರೆ ಅದೇ ಗಾಳಿ ಬೀಜಕಗಳನ್ನು ಕೋಣೆಗೆಲ್ಲ ಹಂಚುತ್ತದೆ. ಹೊಸ ಬೇಸಿಲ್ ಬಿತ್ತಿ ಕೊಯ್ಯಲು ಐದಾರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಪುದೀನ ಮಾತ್ರ ಎಂದು ಹೋಟೆಲಿನವರಿಗೆ ಈಗಲೇ ಫೋನ್ ಮಾಡಿ ಹೇಳಿಬಿಡಿ.