ಬಿದ್ದ ಗಾಯ ಮಾಯುತ್ತದೆ, ಸವೆದ ಟಯರು ಮಾಯುವುದಿಲ್ಲ

ಹುರುಳಿ ಕೀಳುವ ಕಾಲ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಡಾಂಬರು ರಸ್ತೆಗಳು ಕಣಗಳಾಗಿಬಿಡುತ್ತವೆ. ಕಿತ್ತ ಗಿಡವನ್ನು ರಸ್ತೆಗೆ ಹರಡಿದರೆ ಸಾಕು, ಓಡಾಡುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಈಚೆಗೆ ಒಂದು ಸಂಜೆ ಹರದನಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ರೋಗಿಯೊಬ್ಬರನ್ನು ನೋಡಿಕೊಂಡು ನಾನು ಬೈಕಿನಲ್ಲಿ ಚಾಮರಾಜನಗರಕ್ಕೆ ಹಿಂತಿರುಗುತ್ತಿದ್ದೆ. ತಿರುವಿನಲ್ಲಿ ಹುರುಳಿ ಸೊಪ್ಪಿನ ಹಾಸು ಎದುರಾಯಿತು. ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದೆ. ಮರುಕ್ಷಣ ನೆಲದ ಮೇಲಿದ್ದೆ.

ವೇಗ ಹೆಚ್ಚಿರಲಿಲ್ಲ. ತಲೆಯಲ್ಲಿ ಹೆಲ್ಮೆಟ್ ಇತ್ತು. ಮೊಣಕೈ, ಮಂಡಿ ತರಚಿದವು, ಅಷ್ಟೆ. ಹುರುಳಿ ತಿರುವಿಹಾಕುತ್ತಿದ್ದ ಹಿರಿಯ ಹೆಂಗಸೊಬ್ಬರು ಓಡಿಬಂದು, “ಅಯ್ಯೋ ಡಾಕ್ಟ್ರೇ, ಮೊಣಕೈಯೆಲ್ಲ ಕಿತ್ತೋಗದೆ, ತಡೀರಿ, ಅರಿಸಿನ ತತ್ತೀನಿ” ಎಂದರು. “ಅರಿಶಿನ ಬೇಡ ಕಣಮ್ಮ, ಒಂದು ಬಿಂದಿಗೆ ಒಳ್ಳೆ ನೀರು ಕೊಡಿ ಸಾಕು” ಎಂದೆ. ಅವರಿಗೆ ಆಶ್ಚರ್ಯವಾಯಿತು. ಗಾಯಕ್ಕೆ ನೀರು ಸೋಕಿಸಬಾರದೆಂದೇ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ.

ಮೊದಲ ಔಷಧಿ ನೀರು

ರಸ್ತೆಯ ತರಚುಗಾಯದಲ್ಲಿ ಮಣ್ಣು, ಮರಳು, ಸಗಣಿಯ ಕಣಗಳು ಸೇರಿರುತ್ತವೆ. ಅವು ಒಳಗೇ ಉಳಿದರೆ ಕೀವಾಗಬಹುದು. ಮಾಯ್ದ ಮೇಲೂ ಚರ್ಮದಲ್ಲಿ ಕಪ್ಪು ಕಲೆ ನಿಲ್ಲಬಹುದು. ಆದ್ದರಿಂದ ಕುಡಿಯಲು ಯೋಗ್ಯವಾದ ನೀರನ್ನು ಐದರಿಂದ ಹತ್ತು ನಿಮಿಷ ಗಾಯದ ಮೇಲೆ ಹರಿಯಬಿಡಬೇಕು. ಸುತ್ತಲಿನ ಚರ್ಮವನ್ನು ಸೋಪಿನಿಂದ ತೊಳೆಯಬೇಕು. ಅರಿಶಿನ, ಕಾಫಿಪುಡಿ, ಬೂದಿ, ಸೀಮೆಎಣ್ಣೆ, ಟೂತ್‌ಪೇಸ್ಟ್ ಯಾವುದನ್ನೂ ಹಾಕಬೇಡಿ. ಅವು ಗಾಯವನ್ನು ಮುಚ್ಚುತ್ತವೆಯೇ ಹೊರತು ಶುದ್ಧ ಮಾಡುವುದಿಲ್ಲ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬುದೂ ತಪ್ಪು ತಿಳಿವಳಿಕೆಯೇ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಒಣಗಲು ಬಿಟ್ಟ ಗಾಯಕ್ಕಿಂತ ತೇವ ಉಳಿಸಿ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬುತ್ತದೆಂದು ತೋರಿಸಿದರು. ತೊಳೆದ ಗಾಯಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ, ಅಂಟಿಕೊಳ್ಳದ ಶುದ್ಧ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಬದಲಾಯಿಸಿ. ಮೇಲೆ ಕಟ್ಟುವ ಹಕ್ಕಳೆಯನ್ನು ಕೀಳಬೇಡಿ.

ಬದನೆಕಾಯಿ ತಿಂದರೆ ನಂಜಾಗುತ್ತದೆಂದು ಪಥ್ಯ ಮಾಡುವವರಿದ್ದಾರೆ. ಗಾಯ ಮಾಯಲು ಬೇಕಾದದ್ದು ಪಥ್ಯವಲ್ಲ, ಪುಷ್ಟಿ. ಬೇಳೆ, ಕಾಳು, ಮೊಟ್ಟೆ, ಹಾಲು, ಹಣ್ಣು, ಸೊಪ್ಪು ಚೆನ್ನಾಗಿ ತಿನ್ನಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಬೇಕು.

ಟಿ.ಟಿ. ಯಾರಿಗೆ ಬೇಕು?

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ. ಆದರೆ ಗಾಯವಾದಾಗಲೆಲ್ಲ ಚುಚ್ಚುಮದ್ದು ಬೇಕಿಲ್ಲ. ಚಿಕ್ಕಂದಿನ ಲಸಿಕೆಗಳು ಪೂರ್ತಿ ಆಗಿದ್ದರೆ, ಶುದ್ಧವಾದ ಸಣ್ಣ ಗಾಯಕ್ಕೆ ಕೊನೆಯ ಚುಚ್ಚುಮದ್ದಿಗೆ ಹತ್ತು ವರ್ಷ ಕಳೆದಿದ್ದರೆ ಸಾಕು ಮತ್ತೊಂದು. ಮಣ್ಣು ಮೆತ್ತಿದ ಗಾಯಕ್ಕೆ ಐದು ವರ್ಷ ಕಳೆದಿದ್ದರೆ. ಲಸಿಕೆಯನ್ನೇ ಹಾಕಿಸಿಕೊಳ್ಳದವರಿಗೆ, ಯಾವಾಗ ಹಾಕಿಸಿದ್ದೆಂದು ನೆನಪೇ ಇಲ್ಲದವರಿಗೆ ಹೆಚ್ಚಿನ ರಕ್ಷಣೆ ಬೇಕಾಗಬಹುದು. ಹಾಕಿಸಿದ ದಿನಾಂಕವನ್ನು ಮನೆಯ ಡೈರಿಯಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಸಣ್ಣದೆಂದು ಬಿಡಬಾರದ ನೋವುಗಳು

ಮೂಗೇಟಿನ ನೋವು ಎರಡನೆಯ ದಿನ ಹೆಚ್ಚಾಗುವುದು ಸಹಜ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಡಿ. ಉಳುಕು ತೆಗೆಸುತ್ತೇವೆಂದು ಬಲವಾಗಿ ನೀವಿಸಬೇಡಿ. ಈ ಕೆಳಗಿನವು ಮಾತ್ರ ಬೇರೆ ಜಾತಿಯ ನೋವುಗಳು:

1. ತಲೆಗೆ ಪೆಟ್ಟು ಬಿದ್ದ ಮೇಲೆ ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ತಪ್ಪು ತಪ್ಪಾದ ಮಾತು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು. ಮೊದಲ ಎರಡು ದಿನ ಮನೆಯವರು ಗಮನಿಸುತ್ತಿರಬೇಕು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

2. ಹ್ಯಾಂಡಲ್ ಹೊಟ್ಟೆಗೆ ತಗುಲಿದ್ದು, ಹೊಟ್ಟೆನೋವು, ತಲೆಸುತ್ತು ಅಥವಾ ಎಡ ಭುಜದ ನೋವು. ಒಳಗೆ ಗುಲ್ಮ ಹರಿದು ರಕ್ತ ಸೋರುತ್ತಿರಬಹುದು.

3. ಕೈ ಊರಿ ಬಿದ್ದವರಿಗೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಗುಳಿಯಲ್ಲಿ ಒತ್ತಿದರೆ ನೋವು. ಇಲ್ಲಿನ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣಿಸದೆ, ಹತ್ತು ಹದಿನಾಲ್ಕು ದಿನಗಳ ಮೇಲೆ ಕಾಣಿಸುವುದುಂಟು. “ಎಕ್ಸ್-ರೇ ಸರಿಯಾಗಿದೆ” ಎಂದು ಸುಮ್ಮನಾದರೆ ಮುಂದೆ ಮಣಿಕಟ್ಟೇ ಕೆಡಬಹುದು.

ಮನೆಯಲ್ಲಿ ಕುಳಿತಾಗ ಹೊಳೆದದ್ದು

ಕೈಗೆ ಕಟ್ಟು ಹಾಕಿಕೊಂಡು ಎರಡು ದಿನ ಮನೆಯಲ್ಲಿ ಕುಳಿತಿದ್ದಾಗ ಅಂಗಳದಲ್ಲಿ ನಿಂತ ಬೈಕನ್ನು ಮೊದಲ ಬಾರಿ ಸರಿಯಾಗಿ ನೋಡಿದೆ. ಮುಂದಿನ ಟಯರಿನ ಗೆರೆಗಳು ಬಹುಮಟ್ಟಿಗೆ ಸವೆದಿದ್ದವು. ರೋಗಿಗಳಿಗೆ ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿಕೊಳ್ಳಿ ಎಂದು ಗದರಿಸುವ ನಾನು ವರ್ಷದಿಂದ ಆ ಟಯರನ್ನು ಬಗ್ಗಿ ನೋಡಿರಲಿಲ್ಲ.

ನಿಜ ಹೇಳಬೇಕೆಂದರೆ ಅಂದು ನಾನು ಬಿದ್ದದ್ದು ಸವೆದ ಟಯರಿನಿಂದಲ್ಲ. ಸೊಪ್ಪು ಹಾಸಿದ ಕಡೆ ಟಯರು ರಸ್ತೆಯನ್ನು ಮುಟ್ಟುವುದೇ ಇಲ್ಲ; ಉದುರಿದ ಕಾಳು ಅಡಿಯಲ್ಲಿ ಬೇರಿಂಗಿನ ಗುಂಡಿನಂತೆ ಉರುಳುತ್ತದೆ. ಅಲ್ಲಿ ಹೊಸ ಟಯರೂ ಜಾರುತ್ತದೆ. ನನ್ನ ತಪ್ಪು ತಿರುವಿನಲ್ಲಿ ಬ್ರೇಕ್ ಹಿಡಿದದ್ದು. ಟಯರಿಗಿರುವ ಹಿಡಿತ ಒಂದೇ ಜೇಬಿನ ಹಣವಿದ್ದಂತೆ: ತಿರುಗಲು ಅದರಿಂದಲೇ ಖರ್ಚು, ನಿಲ್ಲಲು ಅದರಿಂದಲೇ ಖರ್ಚು. ಎರಡನ್ನೂ ಒಮ್ಮೆಗೇ ಕೇಳಿದರೆ ಜೇಬು ಬರಿದು. ಸೊಪ್ಪು, ಮರಳು, ಜಲ್ಲಿ ದೂರದಿಂದಲೇ ಕಂಡರೆ ಒಳ್ಳೆಯ ರಸ್ತೆಯಲ್ಲಿರುವಾಗಲೇ ವೇಗ ಇಳಿಸಿ, ಗಾಡಿಯನ್ನು ನೇರ ಮಾಡಿಕೊಂಡು, ಬ್ರೇಕ್ ಬಿಟ್ಟು ನಿಧಾನವಾಗಿ ದಾಟಬೇಕು.

ಆದರೆ ಅದೇ ಟಯರಿನಲ್ಲಿ ಮಳೆಗಾಲಕ್ಕೆ ಕಾಲಿಟ್ಟಿದ್ದರೆ ಹುರುಳಿಯ ನೆಪವೂ ಬೇಕಿರಲಿಲ್ಲ. ಗೆರೆಗಳು ಇರುವುದು ಅಂದಕ್ಕಲ್ಲ, ಅಡಿಯ ನೀರನ್ನು ಹೊರಗೆ ದಬ್ಬುವುದಕ್ಕೆ. ದ್ವಿಚಕ್ರ ವಾಹನದ ಟಯರಿನ ಗೆರೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಿಯಮವೇ ಇದೆ. ಅಲ್ಲಿಯವರೆಗೆ ಕಾಯದಿರುವುದು ಜಾಣತನ. ಗೆರೆಗಳ ನಡುವೆ ಸವೆತ ತೋರಿಸುವ ಸಣ್ಣ ಉಬ್ಬುಗಳಿರುತ್ತವೆ. ಟಯರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಾಯಿಸಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೆರೆ ಇದ್ದರೂ ರಬ್ಬರು ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಹಿಡಿತ ಕಡಿಮೆ. ಗಾಳಿಯನ್ನು ವಾರಕ್ಕೊಮ್ಮೆ, ಟಯರು ತಣ್ಣಗಿರುವಾಗ ನೋಡಿಸಿ. ನೆಲಕ್ಕೆ ಬಡಿದ ಹೆಲ್ಮೆಟ್ಟನ್ನೂ ಬದಲಾಯಿಸಿ.

ಹನ್ನೆರಡನೆಯ ದಿನಕ್ಕೆ ನನ್ನ ಮೊಣಕೈಯಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ದೇವರು ಕೊಟ್ಟ ಚರ್ಮ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಅಂಗಡಿಯಿಂದ ತಂದ ರಬ್ಬರಿಗೆ ಆ ಗುಣವಿಲ್ಲ. ಸಣ್ಣ ಬೀಳು ದೊಡ್ಡ ಬೀಳಿಗೆ ಮುನ್ಸೂಚನೆ ಎಂದುಕೊಂಡು, ಇಂದೇ ಮನೆಯ ಮುಂದೆ ನಿಂತಿರುವ ಗಾಡಿಯ ಟಯರನ್ನು ಒಮ್ಮೆ ಬಗ್ಗಿ ನೋಡಿ. ನಿಮ್ಮ ಮಗನೋ ಮಗಳೋ ನಾಳೆ ಬೆಳಿಗ್ಗೆ ಅದನ್ನೇ ಓಡಿಸಿಕೊಂಡು ಕಾಲೇಜಿಗೆ ಹೋಗಬೇಕಲ್ಲವೇ?