ರೀಬೂಟ್ ತಪ್ಪಲಿಲ್ಲ, ಮುಂದಕ್ಕೆ ಹೋಯಿತು

ಸರ್ವರ್ ನೋಡಿಕೊಳ್ಳುವವರಿಗೆ ಪ್ಯಾಚ್ ಹಾಕುವುದಕ್ಕಿಂತ ರೀಬೂಟ್‌ಗೆ ಒಪ್ಪಿಗೆ ಪಡೆಯುವುದೇ ಕಷ್ಟ. 2016ರ ಅಕ್ಟೋಬರ್‌ನಲ್ಲಿ ಬಯಲಾದ ಲಿನಕ್ಸ್ ಕರ್ನಲ್‌ನ 'ಡರ್ಟಿ ಕೌ' ಲೋಪದಿಂದ ಮಾಮೂಲಿ ಬಳಕೆದಾರನೂ ರೂಟ್ ಅಧಿಕಾರ ಪಡೆಯಬಹುದಿತ್ತು. ಅಂಥ ಹೊತ್ತಿನಲ್ಲೂ "ಡೇಟಾಬೇಸ್ ನಿಲ್ಲಿಸೋಕಾಗಲ್ಲ, ವಾರಾಂತ್ಯದವರೆಗೆ ತಡೀರಿ" ಎನ್ನುವವರು ಇದ್ದೇ ಇರುತ್ತಾರೆ. ರೀಬೂಟ್ ಮಾಡದೆ, ಓಡುತ್ತಿರುವ ಕರ್ನಲ್‌ಗೇ ತಿದ್ದುಪಡಿ ಹಾಕುವ ಲೈವ್ ಪ್ಯಾಚ್‌ನ ಮೊರೆ ನಾನು ಹೋಗಿದ್ದು ಈ ಜಗ್ಗಾಟದಿಂದಲೇ.

ರೆಡ್ ಹ್ಯಾಟ್‌ನ ಕೆಪ್ಯಾಚ್, ಸೂಸೆಯ ಕೆಗ್ರಾಫ್ಟ್ ಎಂಬ ಎರಡು ಲೈವ್ ಪ್ಯಾಚ್ ಸಾಧನಗಳೂ 2014ರಲ್ಲಿ ಬಂದವು. ಎರಡಕ್ಕೂ ಹೊಂದುವ ತಳಹದಿ 2015ರಲ್ಲಿ ಲಿನಕ್ಸ್ 4.0 ಸೇರಿತು. ಲೈವ್ ಪ್ಯಾಚ್ ಹಳೆಯ ಫಂಕ್ಷನ್ನನ್ನು ಅಳಿಸುವುದಿಲ್ಲ. ಅದನ್ನು ಕರೆದಾಗ, ಹೊಸ್ತಿಲಲ್ಲೇ ಕರ್ನಲ್‌ನ ಎಫ್‌ಟ್ರೇಸ್ ವ್ಯವಸ್ಥೆ ಹಿಡಿದು ಹೊಸ ಫಂಕ್ಷನ್‌ಗೆ ತಿರುಗಿಸುತ್ತದೆ.

ಪ್ಯಾಚ್ ಇರುವ ಮಾಡ್ಯೂಲ್ ಲೋಡ್ ಆದ ಕೂಡಲೇ ಕೆಲಸ ಮುಗಿಯಿತೆನ್ನಬೇಡಿ. ಲಿನಕ್ಸ್ 4.12ರಿಂದೀಚೆಗೆ ಒಂದೊಂದು ಪ್ರೊಸೆಸ್ಸೂ ಬೇರೆಬೇರೆಯಾಗಿ ಹೊಸದಕ್ಕೆ ದಾಟುತ್ತದೆ. ಬದಲಾಗುತ್ತಿರುವ ಫಂಕ್ಷನ್ ಅದರ ಸ್ಟ್ಯಾಕ್‌ನಲ್ಲಿ ಇದ್ದರೆ ದಾಟುವುದಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಪ್ಯಾಚ್ ಹಾಕಿ ಎಷ್ಟು ಹೊತ್ತಾದರೂ 'ಟ್ರಾನ್ಸಿಷನ್' ಕಡತ 1, ಅಂದರೆ ದಾಟುವುದು ಇನ್ನೂ ಮುಗಿದಿಲ್ಲ, ಎಂದೇ ತೋರಿಸುತ್ತಿತ್ತು. ಪ್ರತಿ ಪ್ರೊಸೆಸ್‌ನ 'ಪ್ಯಾಚ್ ಸ್ಟೇಟ್' ಜಾಲಾಡಿದಾಗ 0, ಅಂದರೆ ಇನ್ನೂ ದಾಟಿಲ್ಲ, ಎಂದು ತೋರಿಸುತ್ತಿದ್ದುದು ಒಂದೇ: ಬ್ಯಾಕಪ್ ಪ್ರೊಸೆಸ್. ಉತ್ತರ ಕೊಡದ ಎನ್‌ಎಫ್‌ಎಸ್ ಸರ್ವರ್‌ಗಾಗಿ ಕಾಯುತ್ತಾ ಅದು ಕರ್ನಲ್ ಒಳಗೇ ಮಲಗಿತ್ತು. ಜೊತೆಗಿದ್ದವರು "ಫೋರ್ಸ್ ಮಾಡಿಬಿಡೋಣ್ವಾ ಸಾರ್?" ಎಂದರು. ಬೇಡವೆಂದೆ. ಫೋರ್ಸ್ ಮಾಡಿದರೆ ಹಳೆಯದು ಹೊಸದು ಬೆರೆತು ಓಡುವ ಅಪಾಯವಿದೆ. ಆಮೇಲೆ ಆ ಮಾಡ್ಯೂಲ್ ತೆಗೆಯುವುದಕ್ಕೂ ಬರುವುದಿಲ್ಲ. ಸ್ಟೋರೇಜ್ ತಂಡ ಎನ್‌ಎಫ್‌ಎಸ್ ಸರಿಪಡಿಸಿದ ಮೇಲೆ ಪ್ರೊಸೆಸ್ ಎದ್ದಿತು, ಟ್ರಾನ್ಸಿಷನ್ 0 ಆಯಿತು. ಅಂದಿನಿಂದ ಪ್ಯಾಚ್‌ಗೆ ಮುಂಚೆ ಸಿಕ್ಕಿಬಿದ್ದ ಪ್ರೊಸೆಸ್ ಇದೆಯೇ ಎಂದು ನೋಡುವುದು ನಮ್ಮ ಪಟ್ಟಿಯ ಮೊದಲ ಸಾಲು.

ಆಡಿಟ್‌ನವರೊಂದಿಗೂ ಒಂದು ತಕರಾರು ಮಾಮೂಲಿ. 'ಯುನೇಮ್' ಆದೇಶ ಕೊಟ್ಟರೆ ಕರ್ನಲ್‌ನ ಹಳೆಯ ಆವೃತ್ತಿಯೇ ಕಾಣುತ್ತದೆ, ಸ್ಕ್ಯಾನರ್ ಲೋಪವಿದೆ ಎಂದು ಬರೆಯುತ್ತದೆ. ಯಾವ ಲೈವ್ ಪ್ಯಾಚ್ ಸಕ್ರಿಯವಾಗಿದೆ ಎಂಬ ಪಟ್ಟಿಯನ್ನು ಈಗ ವರದಿಯೊಂದಿಗೇ ಲಗತ್ತಿಸುತ್ತೇವೆ.

ಇದರ ಮಿತಿಯೂ ಗೊತ್ತಿರಲಿ. ಡೇಟಾ ರಚನೆಯೇ ಬದಲಾಗುವ ತಿದ್ದುಪಡಿಗಳಿಗೆ ಇದು ಸುಲಭವಾಗಿ ಒಗ್ಗದು. ಕರ್ನಲ್‌ನ ಲೈವ್ ಪ್ಯಾಚ್ ಓಪನ್‌ಎಸ್‌ಎಸ್‌ಎಲ್, ಗ್ಲಿಬ್‌ಸಿಗಳ ಲೋಪ ಮುಚ್ಚುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅದು ಇರುವುದು ಮೆಮೊರಿಯಲ್ಲಿ. ಡಿಸ್ಕ್‌ನಲ್ಲಿ ಹೊಸ ಕರ್ನಲ್ ಇಲ್ಲದೆ, ಬೂಟ್ ಹೊತ್ತಿಗೆ ಪ್ಯಾಚ್ ಲೋಡ್ ಆಗುವ ಏರ್ಪಾಡೂ ಇಲ್ಲದೆ ಕರೆಂಟ್ ಹೋದರೆ, ಮತ್ತೆ ಏಳುವುದು ಲೋಪವಿದ್ದ ಅದೇ ಕರ್ನಲ್.

ಹಾಗಾಗಿ ಲೈವ್ ಪ್ಯಾಚ್ ಹಾಕಿದ ದಿನವೇ ಹೊಸ ಕರ್ನಲ್ ಇನ್‌ಸ್ಟಾಲ್ ಮಾಡಿಡಿ, ರೀಬೂಟ್‌ಗೆ ತಾರೀಖು ಬರೆಸಿಕೊಳ್ಳಿ. ಲೈವ್ ಪ್ಯಾಚ್ ಕೊಡುವುದು ಸಮಯ, ವಿನಾಯಿತಿಯಲ್ಲ.